ಒಂದೇ ಪ್ರೋಗ್ರಾಂ, ಎರಡು ಮಗ್ಗ

ಸಾಸಲಿನಂಥ ಊರಿನಿಂದ ದೊಡ್ಡಬಳ್ಳಾಪುರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತ ಕಂಪ್ಯೂಟರ್ ವಿಜ್ಞಾನ ಓದುವ ಮಕ್ಕಳಿಗೆ ಒಂದು ಒಗಟು ಚೆನ್ನಾಗಿ ಗೊತ್ತು. ಲ್ಯಾಬಿನಲ್ಲಿ ನೀಲಿ ಪರದೆಯ ಟರ್ಬೋ ಸಿ++ ತೆರೆದು ಟೈಪ್ ಮಾಡಿದ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ. ಅದನ್ನು ರೆಕಾರ್ಡಿಗೆ ಬರೆದು ಸಹಿಯೂ ಹಾಕಿಸಿಕೊಂಡಾಗಿದೆ. ಅದೇ ಪ್ರೋಗ್ರಾಂ ಅನ್ನು ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ, ಇಂಟರ್‌ನೆಟ್ಟಿನಿಂದ ಉಚಿತವಾಗಿ ಇಳಿಸಿಕೊಂಡ ಕಂಪೈಲರಿಗೆ ಕೊಟ್ಟರೆ ಮೊದಲ ಸಾಲಿಗೇ ತಕರಾರು. 'ಐಓಸ್ಟ್ರೀಮ್ ಡಾಟ್ ಎಚ್' ಎಂಬ ಫೈಲ್ ಇಲ್ಲ ಎನ್ನುತ್ತದೆ. ಅದನ್ನು ತಿದ್ದಿದರೆ 'ವಾಯ್ಡ್ ಮೇನ್' ಒಪ್ಪುವುದಿಲ್ಲ. ಅದನ್ನೂ ತಿದ್ದಿದರೆ ಪರದೆ ಒರೆಸುವ 'ಕ್ಲಿಯರ್ ಸ್ಕ್ರೀನ್' ಆದೇಶ ತನಗೆ ಗೊತ್ತೇ ಇಲ್ಲ ಎನ್ನುತ್ತದೆ.

ಎಲ್ಲ ತಿದ್ದಿ ಓಡಿಸಿದ ಮೇಲೆ ಇನ್ನೊಂದು ಅಚ್ಚರಿ. 1ರಿಂದ 8ರವರೆಗಿನ ಸಂಖ್ಯೆಗಳನ್ನು ಗುಣಿಸಿದರೆ, ಅಂದರೆ 8ರ ಫ್ಯಾಕ್ಟೋರಿಯಲ್ ಕೇಳಿದರೆ, ಲ್ಯಾಬಿನ ಕಂಪೈಲರ್ −25216 ಎಂದಿತ್ತು. ಮನೆಯದು 40320 ಎನ್ನುತ್ತದೆ. ಲೆಕ್ಕ ಮಾಡುವ ಸಾಲುಗಳಲ್ಲಿ ಒಂದು ಅಕ್ಷರವೂ ವ್ಯತ್ಯಾಸವಿಲ್ಲ, ಆದರೂ ಎರಡು ಉತ್ತರ!

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬರುವ ತೀರ್ಮಾನ ಒಂದೇ: ದುಡ್ಡು ಕೊಡದೆ ಸಿಕ್ಕಿದ್ದು ಕಳಪೆ. ಈ ತೀರ್ಮಾನ ಪೂರ್ತಿ ತಲೆಕೆಳಗು. ಅದು ಹೇಗೆ ಎಂದು ತಿಳಿಯಲು ಕಂಪೈಲರ್ ಎಂಬುದು ಮಾಡುವ ಕೆಲಸವೇನು ಎಂದು ಒಮ್ಮೆ ಬಿಚ್ಚಿ ನೋಡಬೇಕು.

ಮಗ್ಗಕ್ಕೆ ನವಿಲು ಗೊತ್ತಿಲ್ಲ

ದೊಡ್ಡಬಳ್ಳಾಪುರ ಮಗ್ಗದ ಊರು. ಅಲ್ಲಿ ಸೀರೆಯ ಅಂಚಿಗೆ ನವಿಲನ್ನೋ ಮಾವಿನಕಾಯಿಯನ್ನೋ ತರುವುದು ಜಕಾರ್ಡ್. ಮಗ್ಗದ ನೆತ್ತಿಯ ಮೇಲೆ ಕೂರುವ ಈ ಸಾಧನವನ್ನು ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ. ಅದರ ಕೆಲಸ ಹೀಗೆ ಸಾಗುತ್ತದೆ: ಕಲಾವಿದ ಮೊದಲು ಚಿತ್ರ ಬರೆಯುತ್ತಾನೆ. ಆ ಚಿತ್ರವನ್ನು ಚೌಕುಳಿ ಹಾಳೆಗೆ, ಅಂದರೆ ಗ್ರಾಫಿಗೆ ಇಳಿಸುತ್ತಾರೆ. ಗ್ರಾಫಿನ ಒಂದೊಂದು ಸಾಲನ್ನೂ ನೋಡಿ ಒಂದೊಂದು ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾರೆ. ತೂತಿರುವ ಕಡೆ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ, ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಹಾಯುತ್ತದೆ, ಹೊಕ್ಕು ಬೀಳುತ್ತದೆ. ಮುಂದಿನ ಕಾರ್ಡು ಬರುತ್ತದೆ. ಇತ್ತೀಚೆಗೆ ರಟ್ಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದ್ದರೂ ತತ್ವ ಅದೇ.

ಮಗ್ಗಕ್ಕೆ ನವಿಲು ಎಂದರೇನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎತ್ತುವುದು, ಬಿಡುವುದು, ಇವೆರಡೇ. ಕಂಪ್ಯೂಟರಿನ ಪ್ರೊಸೆಸರ್ ಸ್ಥಿತಿಯೂ ಇದೇ. ಈ ಜಾಗದಲ್ಲಿರುವ ಸಂಖ್ಯೆಯನ್ನು ತಾ, ಆ ಸಂಖ್ಯೆಗೆ ಕೂಡು, ಎರಡನ್ನು ಹೋಲಿಸು, ಇಂಥ ಆದೇಶಕ್ಕೆ ಜಿಗಿ ಎಂಬಂಥ ಸಣ್ಣ ಆದೇಶಗಳು ಮಾತ್ರ ಅದಕ್ಕೆ ತಿಳಿಯುತ್ತವೆ. ಅವೂ ಸೊನ್ನೆ ಮತ್ತು ಒಂದುಗಳ ರೂಪದಲ್ಲಿ. 'ಅಂಕಗಳ ಸರಾಸರಿ ತೆಗೆ' ಎಂದು ನಾವು ಬರೆದದ್ದು ಅದರ ಪಾಲಿಗೆ ನವಿಲಿನ ಚಿತ್ರ. ಆ ಚಿತ್ರವನ್ನು ತೂತುಗಳನ್ನಾಗಿ ಮಾಡಿಕೊಡುವ ಪ್ರೋಗ್ರಾಮೇ ಕಂಪೈಲರ್. ಮಗ್ಗಕ್ಕೂ ಕಂಪ್ಯೂಟರಿಗೂ ಚರಿತ್ರೆಯ ನಂಟೂ ಇದೆ: 1830ರ ದಶಕದಲ್ಲಿ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆದೇಶ ಕೊಡಲು ಯೋಚಿಸಿದ್ದು ಜಕಾರ್ಡ್ ಕಾರ್ಡುಗಳನ್ನೇ.

ಕಾರ್ಡು ಕತ್ತರಿಸುವುದು, ಸಾಲು ಓದಿ ಎಳೆಯುವುದು

ಜಕಾರ್ಡ್ ಬರುವ ಮೊದಲೂ ಚಿತ್ರದ ಸೀರೆಗಳಿದ್ದವು. ಆಗ ನೇಕಾರನ ಜೊತೆ ಒಬ್ಬ ಸಹಾಯಕ ಕೂತು, ಪ್ರತಿ ಸಾಲಿಗೂ ಯಾವ ಎಳೆಗಳು ಏಳಬೇಕೋ ಅವುಗಳ ಹಗ್ಗ ಎಳೆಯುತ್ತಿದ್ದ. ಪ್ರೋಗ್ರಾಂ ನಡೆಸುವುದರಲ್ಲೂ ಇಂಥ ಎರಡು ದಾರಿಗಳಿವೆ.

ಸಹಾಯಕನ ಹಾಗೆ ಒಂದೊಂದೇ ಸಾಲು ಓದಿ ಅಲ್ಲಿಂದಲ್ಲೇ ನಡೆಸುವುದು ಇಂಟರ್‌ಪ್ರಿಟರ್. ಪ್ರೋಗ್ರಾಂ ಓಡುವಷ್ಟು ಹೊತ್ತೂ ಅದು ಪಕ್ಕದಲ್ಲಿರಬೇಕು. ವೇಗ ಕಡಿಮೆ, ಆದರೆ ತಪ್ಪಾದ ಸಾಲಿನಲ್ಲೇ ನಿಂತು ಹೇಳುವುದರಿಂದ ಕಲಿಯುವವರಿಗೆ ಹಿತ. 1980ರ ದಶಕದ ಮನೆಬಳಕೆಯ ಪುಟ್ಟ ಕಂಪ್ಯೂಟರುಗಳಲ್ಲಿ ಬೇಸಿಕ್ ಭಾಷೆ ಇದ್ದದ್ದು ಹೀಗೆಯೇ. 1984ರಲ್ಲಿ ಭಾರತ ಸರ್ಕಾರ ಆಯ್ದ ಶಾಲೆಗಳಿಗೆ ಕಂಪ್ಯೂಟರ್ ಕೊಟ್ಟ 'ಕ್ಲಾಸ್' ಯೋಜನೆಯಲ್ಲಿ ಬಂದ ಬಿಬಿಸಿ ಮೈಕ್ರೋ ಯಂತ್ರದಲ್ಲಿ ಬೇಸಿಕ್ ಒಳಗೇ ಕೂತಿತ್ತು. ಗುಂಡಿ ಒತ್ತಿದರೆ ಸಾಕು, ಕೊಳ್ಳುವ ಆರಿಸುವ ಪ್ರಶ್ನೆಯೇ ಇರಲಿಲ್ಲ.

ಇಡೀ ಪ್ರೋಗ್ರಾಂ ಅನ್ನು ಮೊದಲೇ ಓದಿ, ಯಂತ್ರಕ್ಕೆ ಬೇಕಾದ ಕಾರ್ಡುಗಳನ್ನೆಲ್ಲ ಕತ್ತರಿಸಿ ಕೈಗಿಟ್ಟು ಪಕ್ಕಕ್ಕೆ ಸರಿಯುವುದು ಕಂಪೈಲರ್. ಆಮೇಲೆ ಮಗ್ಗ ತನ್ನ ಪಾಡಿಗೆ ತಾನು ಪೂರ್ತಿ ವೇಗದಲ್ಲಿ ನೇಯುತ್ತದೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಹೊಸಬರಿಗಾಗಿ ರೂಪಿಸಿದ ಮೊಟ್ಟಮೊದಲ ಬೇಸಿಕ್ ವಾಸ್ತವದಲ್ಲಿ ಕಂಪೈಲರೇ ಆಗಿತ್ತು. ಅಂದರೆ ಭಾಷೆ ಬೇರೆ, ಅದನ್ನು ನಡೆಸುವ ದಾರಿ ಬೇರೆ. ಒಂದೇ ಭಾಷೆಗೆ ಹಲವು ಕಂಪೈಲರುಗಳಿರಬಹುದು, ಇಂಟರ್‌ಪ್ರಿಟರುಗಳೂ ಇರಬಹುದು. ನಮ್ಮ ಒಗಟಿನ ಬೀಗದ ಕೈ ಇದೇ.

ಹದಿನಾರು ಕೊಕ್ಕೆಯ ಲೆಕ್ಕ

ಒಂದೇ ನವಿಲನ್ನು ಬೇರೆ ಬೇರೆ ಕೊಕ್ಕೆ ಸಂಖ್ಯೆಯ ಎರಡು ಜಕಾರ್ಡುಗಳಲ್ಲಿ ನೇಯಬೇಕೆಂದರೆ ಕಾರ್ಡುಗಳನ್ನು ಬೇರೆಬೇರೆಯಾಗಿ ಕತ್ತರಿಸಬೇಕು. ಟರ್ಬೋ ಸಿ++ ಕಾರ್ಡು ಕತ್ತರಿಸುವುದು ಡಾಸ್ ಕಾಲದ 16 ಬಿಟ್ ಯಂತ್ರಕ್ಕೆ. ಅದರಲ್ಲಿ ಒಂದು ಪೂರ್ಣಾಂಕಕ್ಕೆ ಸಿಗುವುದು 16 ಕೊಕ್ಕೆಗಳು, ಅಂದರೆ 16 ಬಿಟ್‌ಗಳು. ಹದಿನಾರು ಕೊಕ್ಕೆಗಳನ್ನು ಎತ್ತಿ ಇಳಿಸಿ ಮಾಡಬಹುದಾದ ವಿನ್ಯಾಸಗಳು 65536. ಅರ್ಧವನ್ನು ಋಣ ಸಂಖ್ಯೆಗಳಿಗೆ ಬಿಟ್ಟರೆ, ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 32767.

7ರ ಫ್ಯಾಕ್ಟೋರಿಯಲ್ 5040, ಅದು ಸಲೀಸಾಗಿ ಹಿಡಿಸುತ್ತದೆ. 8ರದು 40320, ಅದು ಮಿತಿ ಮೀರಿತು. ಮಿತಿ ಮೀರಿದ ವಿನ್ಯಾಸ ಋಣ ಸಂಖ್ಯೆಗಳಿಗೆ ಮೀಸಲಾದ ಅರ್ಧಕ್ಕೆ ಬಂದು ಬೀಳುತ್ತದೆ: 40320ರಿಂದ 65536 ಕಳೆದರೆ −25216. ಮನೆಯ ಕಂಪೈಲರ್ ಕತ್ತರಿಸಿದ್ದು ಇಂದಿನ ಯಂತ್ರಕ್ಕೆ, ಅಲ್ಲಿ ಪೂರ್ಣಾಂಕಕ್ಕೆ ಸಾಮಾನ್ಯವಾಗಿ 32 ಕೊಕ್ಕೆ. ಹಾಗಾಗಿ 40320 ಸರಿಯಾಗಿಯೇ ಬಂತು. ಅಲ್ಲಿಯೂ ಮಿತಿ ಇಲ್ಲದಿಲ್ಲ. 12ರ ಫ್ಯಾಕ್ಟೋರಿಯಲ್‌ವರೆಗೆ ಸರಿಯಿದ್ದು, 13ಕ್ಕೆ 6227020800ರ ಬದಲು ಸಾಮಾನ್ಯವಾಗಿ 1932053504 ಎಂಬ ತಪ್ಪು ಉತ್ತರ ಬರುತ್ತದೆ. ಈ ಸಲ ಋಣ ಚಿಹ್ನೆಯೂ ಇಲ್ಲದ್ದರಿಂದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಇದಕ್ಕೊಂದು ಪರಿಹಾರವಿದೆ, ಮುಂದೆ ನೋಡೋಣ.

64 ಬಿಟ್ ವಿಂಡೋಸ್ ಈ ಹಳೆಯ 16 ಬಿಟ್ ಕಾರ್ಡುಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಅದಕ್ಕೇ ಲ್ಯಾಬುಗಳಲ್ಲಿ ಟರ್ಬೋ ಸಿ++ ಓಡಿಸಲು ಡಾಸ್‌ಬಾಕ್ಸ್ ಬಳಸುತ್ತಾರೆ: ಹೊಸ ಮಗ್ಗದ ಒಳಗೆ ಹಳೆಯ ಮಗ್ಗದ ನಕಲನ್ನು ಕಟ್ಟಿ, ಹಳೆಯ ಕಾರ್ಡು ಹಾಕುವ ಏರ್ಪಾಡು ಅದು.

ನೀಲಿ ಪರದೆ ಒಂದು ಕಾಲದಲ್ಲಿ ವರವಾಗಿತ್ತು

ಟರ್ಬೋ ಕುಟುಂಬವನ್ನು ಹಗುರವಾಗಿ ಕಾಣುವಂತಿಲ್ಲ. ಕಂಪೈಲರುಗಳು ನೂರಾರು ಡಾಲರಿಗೆ ಮಾರಾಟವಾಗುತ್ತಿದ್ದ 1983ರಲ್ಲಿ ಬೋರ್ಲ್ಯಾಂಡ್ ಕಂಪನಿ ಟರ್ಬೋ ಪಾಸ್ಕಲ್ ಅನ್ನು 49.95 ಡಾಲರಿಗೆ ತಂದಿತು. ಅದರ ಕಂಪೈಲರ್ ಬರೆದವರು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್. ಬರೆಯುವುದು, ಕಂಪೈಲ್ ಮಾಡುವುದು, ತಪ್ಪು ತಿದ್ದುವುದು, ಎಲ್ಲವೂ ಒಂದೇ ಪರದೆಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ. ಕಡಿಮೆ ಬೆಲೆಯ ಕಂಪೈಲರ್ ಎಂದರೆ ಕಳಪೆಯಲ್ಲ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದೇ ಅದು. 1987ರಲ್ಲಿ ಟರ್ಬೋ ಸಿ, 1990ರಲ್ಲಿ ಟರ್ಬೋ ಸಿ++ ಬಂದವು. ನಮ್ಮ ಕಾಲೇಜುಗಳಿಗೆ ಅವು ಬಂದು ನೆಲೆಯೂರಿದವು. ಕರ್ನಾಟಕದ ಪಿಯುಸಿ ಕಂಪ್ಯೂಟರ್ ವಿಜ್ಞಾನದಲ್ಲಿ ಹಲವು ವರ್ಷ ಸಿ++ ಪಾಠವಿದ್ದಾಗ ಪುಸ್ತಕದ ಪ್ರೋಗ್ರಾಂಗಳೂ ಅದೇ ವರಸೆಯಲ್ಲಿದ್ದವು.

ಆದರೆ ಸಿ++ ಭಾಷೆ ಅಲ್ಲಿಗೇ ನಿಲ್ಲಲಿಲ್ಲ. 1998ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಓ ಆ ಭಾಷೆಗೆ ಮೊದಲ ಮಾನಕ ಪ್ರಕಟಿಸಿತು. ಇದನ್ನು ಭಾಷೆಯ ಒಪ್ಪಂದ ಎನ್ನೋಣ: ಯಾವ ವಾಕ್ಯ ಸರಿ, ಅದರ ಅರ್ಥವೇನು, ಜೊತೆಗೆ ಬರುವ ಸಾಮಗ್ರಿಯ ಹೆಸರೇನು ಎಂದು ಎಲ್ಲ ಕಂಪೈಲರುಗಳಿಗೂ ಸಮನಾಗಿ ಅನ್ವಯಿಸುವ ದಾಖಲೆ. ಆ ಒಪ್ಪಂದದ ಪ್ರಕಾರ 'ಐಓಸ್ಟ್ರೀಮ್' ಹೆಸರಿಗೆ 'ಡಾಟ್ ಎಚ್' ಬಾಲವಿಲ್ಲ. 'ಮೇನ್' ಎಂಬುದು ಕೊನೆಗೆ ಒಂದು ಪೂರ್ಣಾಂಕ ಹಿಂದಿರುಗಿಸಬೇಕು, ಹಾಗಾಗಿ ಅದರ ಮುಂದೆ 'ವಾಯ್ಡ್' ಅಲ್ಲ, 'ಇಂಟ್'. 'ಕ್ಲಿಯರ್ ಸ್ಕ್ರೀನ್' ಎಂದೂ ಆ ಭಾಷೆಯ ಭಾಗವಾಗಿರಲಿಲ್ಲ. ಅದು ಬೋರ್ಲ್ಯಾಂಡ್ ತನ್ನ ಗಿರಾಕಿಗಳಿಗೆ ಕೊಟ್ಟಿದ್ದ ಹೆಚ್ಚುವರಿ ಸೌಕರ್ಯ. ಮನೆಯ ಉಚಿತ ಕಂಪೈಲರ್ ತಕರಾರು ತೆಗೆದದ್ದು ತನ್ನ ಕೊರತೆಯಿಂದಲ್ಲ, ಒಪ್ಪಂದಕ್ಕೆ ಬದ್ಧವಾಗಿದ್ದರಿಂದ.

ನಡುವೆ ಒಂದು ಗ್ರಾಫ್

ಮಾನಕಕ್ಕೆ ಬದ್ಧವಾದ, ಹತ್ತಾರು ಬಗೆಯ ಯಂತ್ರಗಳಿಗೆ ಒಗ್ಗುವ ಕಂಪೈಲರ್ ಉಚಿತವಾಗಿ ಸಿಗುವುದಾದರೂ ಹೇಗೆ? ಕಂಪೈಲರ್ ಬರೆಯುವುದು ಸಣ್ಣ ಕೆಲಸವಲ್ಲ. 1957ರಲ್ಲಿ ಐಬಿಎಂನಲ್ಲಿ ಜಾನ್ ಬ್ಯಾಕಸ್ ತಂಡ ಹೊರತಂದ ಮೊದಲ ಫೋರ್ಟ್ರಾನ್ ಕಂಪೈಲರಿಗೆ ಹಿಡಿದ ದುಡಿಮೆ, ಒಬ್ಬನೇ ಮಾಡಿದ್ದರೆ 18 ವರ್ಷದಷ್ಟು.

ಲೆಕ್ಕ ಹಾಕಿ ನೋಡಿ. ಹತ್ತು ಭಾಷೆಗಳಿವೆ, ಹತ್ತು ಬಗೆಯ ಪ್ರೊಸೆಸರುಗಳಿವೆ ಎನ್ನೋಣ. ಪ್ರತಿ ಭಾಷೆಯಿಂದ ಪ್ರತಿ ಪ್ರೊಸೆಸರಿಗೆ ಒಂದೊಂದು ಕಂಪೈಲರ್ ಬರೆದರೆ ನೂರು ಕಂಪೈಲರ್ ಬೇಕು. ಹೊಸ ಪ್ರೊಸೆಸರ್ ಒಂದು ಬಂದರೆ ಮತ್ತೆ ಹತ್ತು.

ಮಗ್ಗದ ಮನೆಯಲ್ಲಿ ಇದಕ್ಕೆ ಉತ್ತರವಿದೆ. ಚಿತ್ರದಿಂದ ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ, ನಡುವೆ ಗ್ರಾಫ್ ಬರುತ್ತದೆ. ಕಲಾವಿದ ಯಾರೇ ಇರಲಿ, ಬಣ್ಣದಲ್ಲಿ ಬರೆಯಲಿ ಪೆನ್ಸಿಲಿನಲ್ಲಿ ಬರೆಯಲಿ, ಗ್ರಾಫಿಗೆ ಇಳಿದ ಮೇಲೆ ಎಲ್ಲವೂ ತುಂಬಿದ ಚೌಕ, ಖಾಲಿ ಚೌಕ. ಕಾರ್ಡು ಕತ್ತರಿಸುವವನಿಗೆ ಚಿತ್ರದ ಗೊಡವೆ ಬೇಡ, ಚಿತ್ರಕಾರನಿಗೆ ಕೊಕ್ಕೆಯ ಗೊಡವೆ ಬೇಡ.

ಕಂಪೈಲರಿನ ಒಳಗೂ ಹೀಗೆಯೇ ಒಂದು ನಡುವಿನ ರೂಪವಿದೆ. ತಜ್ಞರು ಇದನ್ನು ಇಂಟರ್‌ಮೀಡಿಯೆಟ್ ರೆಪ್ರೆಸೆಂಟೇಷನ್ ಎನ್ನುತ್ತಾರೆ. ನಾವು ನಡುರೂಪ ಎನ್ನೋಣ. ಕಂಪೈಲರಿನ ಮುಂಬದಿ ನಮ್ಮ ಭಾಷೆಯನ್ನು ಓದಿ, ವ್ಯಾಕರಣ ಸರಿಯಿದೆಯೇ ನೋಡಿ, ನಡುರೂಪಕ್ಕೆ ಇಳಿಸುತ್ತದೆ. ನಡುಭಾಗ ಆ ರೂಪವನ್ನು ಚೊಕ್ಕಟಗೊಳಿಸುತ್ತದೆ: ಎರಡು ಸಲ ಮಾಡಿದ ಒಂದೇ ಲೆಕ್ಕವನ್ನು ಒಮ್ಮೆಗೆ ಇಳಿಸುತ್ತದೆ, ಯಾರಿಗೂ ಬೇಡದ ಲೆಕ್ಕವನ್ನು ಕೈಬಿಡುತ್ತದೆ. ಹಿಂಬದಿ ನಡುರೂಪವನ್ನು ಆಯಾ ಪ್ರೊಸೆಸರಿನ ಕಾರ್ಡುಗಳಾಗಿ ಕತ್ತರಿಸುತ್ತದೆ. ಈಗ ಹತ್ತು ಭಾಷೆಗೆ ಹತ್ತು ಮುಂಬದಿ, ಹತ್ತು ಪ್ರೊಸೆಸರಿಗೆ ಹತ್ತು ಹಿಂಬದಿ. ನೂರರ ಕೆಲಸ ಇಪ್ಪತ್ತರಲ್ಲಿ ಮುಗಿಯಿತು. ಹೊಸ ಪ್ರೊಸೆಸರ್ ಬಂದರೆ ಒಂದೇ ಒಂದು ಹಿಂಬದಿ ಬರೆದರೆ ಸಾಕು, ಹತ್ತೂ ಭಾಷೆಗಳು ಅದರ ಮೇಲೆ ಓಡುತ್ತವೆ.

ಮುಂಬದಿಯನ್ನು ಮಾತ್ರ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಚಂದದ ನಿದರ್ಶನವಿದೆ. ಡಾ. ಯು. ಬಿ. ಪವನಜ ಅವರು ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಲೋಗೋವನ್ನು ಕನ್ನಡಕ್ಕೆ ತಂದರು. ಲೋಗೋದಲ್ಲಿ ಮಗು ಪರದೆಯ ಮೇಲಿನ ಆಮೆಗೆ ಮುಂದೆ ಹೋಗು, ತಿರುಗು ಎಂದು ಆದೇಶ ಕೊಟ್ಟು ಚಿತ್ರ ಬಿಡಿಸುತ್ತದೆ. ಕನ್ನಡ ಲೋಗೋದಲ್ಲಿ ಆ ಆದೇಶಗಳು ಕನ್ನಡದ ಪದಗಳು. ಒಳಗಿನ ಯಂತ್ರಕ್ಕೆ ಆದೇಶ ಯಾವ ಭಾಷೆಯಿಂದ ಬಂತೆಂಬುದು ಗೊತ್ತಾಗಬೇಕಾಗಿಯೇ ಇಲ್ಲ.

ಉಚಿತದ ಖರ್ಚು ಯಾರದ್ದು

ಕೆಲಸ ಹೀಗೆ ತುಂಡಾದ ಕೂಡಲೇ ಖರ್ಚೂ ಹಂಚಿಹೋಗುತ್ತದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆ ಘೋಷಿಸಿ, 1987ರಲ್ಲಿ ಅದರ ಸಿ ಕಂಪೈಲರ್ ಜಿಸಿಸಿಯನ್ನು ಬಿಡುಗಡೆ ಮಾಡಿದರು. ಅದರ ಆಕರ, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹ, ಎಲ್ಲರಿಗೂ ತೆರೆದಿತ್ತು. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ಅವರ ಗುರು ವಿಕ್ರಮ್ ಅಡ್ವೆ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆ ಆರಂಭಿಸಿದರು. ಸಿ ಮತ್ತು ಸಿ++ಗೆ ಅದರ ಮುಂಬದಿ ಕ್ಲ್ಯಾಂಗ್. ರಸ್ಟ್, ಸ್ವಿಫ್ಟ್, ಜೂಲಿಯಾ ಭಾಷೆಗಳು ತಮ್ಮ ಹಿಂಬದಿಯನ್ನು ತಾವೇ ಬರೆಯದೆ ಎಲ್‌ಎಲ್‌ವಿಎಂ ಮೇಲೆ ಕೂತಿವೆ.

ಪ್ರೊಸೆಸರ್ ಮಾರುವ ಕಂಪನಿಗೆ ತನ್ನ ಯಂತ್ರದ ಮೇಲೆ ಎಲ್ಲ ಭಾಷೆಗಳೂ ಓಡಬೇಕು, ಆದ್ದರಿಂದ ಅದು ಹಿಂಬದಿ ಬರೆಯಲು ತನ್ನ ಎಂಜಿನಿಯರುಗಳಿಗೆ ಸಂಬಳ ಕೊಡುತ್ತದೆ. ಹೊಸ ಭಾಷೆ ರೂಪಿಸುವವರು ಮುಂಬದಿ ಬರೆಯುತ್ತಾರೆ. ವಿಶ್ವವಿದ್ಯಾಲಯಗಳು ನಡುಭಾಗವನ್ನು ಚೊಕ್ಕಟಗೊಳಿಸುವ ಹೊಸ ದಾರಿಗಳನ್ನು ಹುಡುಕುತ್ತವೆ. ಯಾರೂ ಇಡಿಯಾಗಿ ಖರ್ಚು ಹೊರುವುದಿಲ್ಲ, ಎಲ್ಲರಿಗೂ ಇಡಿಯಾಗಿ ಸಿಗುತ್ತದೆ.

ಈ ದುಡಿಮೆಯಲ್ಲಿ ನಮ್ಮ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಬಂತು. ಶ್ರೀಕಾಂತ್ ಅವರ ಕಂಪೈಲರ್ ಪಾಠಗಳು ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠತಾಣದಲ್ಲಿ ಯಾರಿಗಾದರೂ ಉಚಿತ. ಅದೇ ಸಂಸ್ಥೆಯ ಉದಯ್ ಬೊಂಡುಗುಲ, ಲೂಪುಗಳನ್ನು ಹಲವು ಪ್ರೊಸೆಸರುಗಳ ಮೇಲೆ ಒಟ್ಟಿಗೆ ಓಡುವಂತೆ ಮರುಜೋಡಿಸುವ ಪ್ಲೂಟೋ ಎಂಬ ಮುಕ್ತ ಆಕರದ ಸಾಧನವನ್ನು ರೂಪಿಸಿದವರು, ಎಂಎಲ್‌ಐಆರ್ ಎಂಬ ಹೊಸ ನಡುರೂಪ ಯೋಜನೆಯ ಸ್ಥಾಪಕ ತಂಡದಲ್ಲಿದ್ದವರು.

ಇನ್ನೊಂದು ಅನುಮಾನವನ್ನೂ ಪರಿಹರಿಸಿಕೊಳ್ಳೋಣ. ಜಿಸಿಸಿಯ ಪರವಾನಗಿ ಜಿಪಿಎಲ್. ಅದರಡಿ ಸಿಕ್ಕಿದ್ದನ್ನು ತಿದ್ದಿ ಹಂಚುವವರು ಆಕರವನ್ನೂ ತೆರೆದಿಡಬೇಕು. ಹಾಗಿದ್ದರೆ ಅದರಿಂದ ಕಂಪೈಲ್ ಮಾಡಿದ ನಮ್ಮ ಪ್ರೋಗ್ರಾಂ ಅನ್ನೂ ಎಲ್ಲರಿಗೂ ತೆರೆದಿಡಬೇಕೇ? ಬೇಕಿಲ್ಲ. ಅದಕ್ಕೆಂದೇ ಪರವಾನಗಿಯಲ್ಲಿ ವಿನಾಯಿತಿ ಇದೆ. ನೇಯ್ದ ಸೀರೆ ನಿಮ್ಮದೇ, ಮಾರಿಕೊಳ್ಳಬಹುದು.

ಆರಿಸುವುದು ಹೇಗೆ

ಬೆಲೆಯ ಪ್ರಶ್ನೆ ಬಗೆಹರಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ಮೂರು. ಇದು ಭಾಷೆಯ ಒಪ್ಪಂದವನ್ನು ಪಾಲಿಸುತ್ತದೆಯೇ? ನನ್ನ ಬಳಿ ಇರುವ ಯಂತ್ರಕ್ಕೆ ಕಾರ್ಡು ಕತ್ತರಿಸುತ್ತದೆಯೇ? ತಪ್ಪು ಮಾಡಿದಾಗ ನನಗೆ ತಿಳಿಯುವಂತೆ ಹೇಳುತ್ತದೆಯೇ?

ಲಿನಕ್ಸ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಜಿಸಿಸಿ ಸಾಕು. ಉಬುಂಟುವಿನಲ್ಲಿ 'ಬಿಲ್ಡ್ ಎಸೆನ್ಷಿಯಲ್' ಎಂಬ ಒಂದೇ ಕಂತೆಯಲ್ಲಿ ಬೇಕಾದ್ದೆಲ್ಲ ಬರುತ್ತದೆ. ವಿಂಡೋಸ್ ಇದ್ದರೆ, ಜಿಸಿಸಿಯನ್ನು ಜೊತೆಗೇ ತರುವ ಕೋಡ್‌ಬ್ಲಾಕ್ಸ್ ಹೊಸಬರಿಗೆ ಸುಲಭ. ಮನೆಯಲ್ಲಿ ಕಂಪ್ಯೂಟರೇ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಅದರೊಳಗೆ ಕ್ಲ್ಯಾಂಗ್ ಇಳಿಸಿಕೊಳ್ಳಬಹುದು. ಒಮ್ಮೆ ಇಳಿಸಿದರೆ ನೆಟ್‌ವರ್ಕ್ ಇಲ್ಲದ ಕಡೆಯೂ ಕೆಲಸ ಸಾಗುತ್ತದೆ. ಬ್ರೌಸರಿನಲ್ಲಿ ಸಿಗುವ ಆನ್‌ಲೈನ್ ಕಂಪೈಲರುಗಳಿಗೆ ಈ ಅನುಕೂಲವಿಲ್ಲ. ಯಂತ್ರ ತೀರಾ ಬಡಕಲಾಗಿದ್ದು ಕಲಿಯುತ್ತಿರುವುದು ಸಿ ಭಾಷೆಯಾದರೆ, ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಬರೆದ ಟೈನಿ ಸಿ ಕಂಪೈಲರ್ ಇದೆ. ಪುಟ್ಟದು, ಕಂಪೈಲ್ ಮಾಡುವ ವೇಗ ಬೆರಗು ಹುಟ್ಟಿಸುವಂಥದ್ದು. ಅದು ಚೊಕ್ಕಟಗೊಳಿಸುವ ಕೆಲಸಕ್ಕೆ ಹೆಚ್ಚು ಕೈ ಹಾಕದ ಕಾರಣ ಸಿಗುವ ಪ್ರೋಗ್ರಾಂ ಮಾತ್ರ ಅಷ್ಟು ಚುರುಕಲ್ಲ. ಬೇಸಿಕ್ ಇಷ್ಟಪಡುವವರಿಗೆ ಫ್ರೀಬೇಸಿಕ್, ಪಾಸ್ಕಲ್ ಕಲಿಯುವವರಿಗೆ ಫ್ರೀ ಪಾಸ್ಕಲ್ ಇವೆ. ಎರಡೂ ಉಚಿತ, ಎರಡರ ಆಕರವೂ ಮುಕ್ತ.

ಮೂರನೆಯ ಪ್ರಶ್ನೆಯೇ ಕಲಿಯುವವರಿಗೆ ಎಲ್ಲಕ್ಕಿಂತ ಮುಖ್ಯ. ಸಾಲಿನ ಕೊನೆಯ ಅರ್ಧವಿರಾಮ ಒಂದನ್ನು ಬೇಕೆಂದೇ ಬಿಟ್ಟು ಕಂಪೈಲ್ ಮಾಡಿ ನೋಡಿ. ತಪ್ಪಾದ ಜಾಗಕ್ಕೇ ಬಾಣದ ಗುರುತಿಟ್ಟು ತೋರಿಸುವ ಕಂಪೈಲರ್ ಒಳ್ಳೆಯ ಮೇಷ್ಟರು. ಜಿಸಿಸಿ, ಕ್ಲ್ಯಾಂಗ್ ಎರಡಕ್ಕೂ 'ಡಬ್ಲ್ಯೂ ಆಲ್' ಎಂಬ ಸೂಚನೆ ಕೊಟ್ಟರೆ, ತಪ್ಪಲ್ಲದಿದ್ದರೂ ಅನುಮಾನ ಹುಟ್ಟಿಸುವ ಸಾಲುಗಳ ಬಗ್ಗೆ ಎಚ್ಚರಿಸುತ್ತವೆ. 13ರ ಫ್ಯಾಕ್ಟೋರಿಯಲ್ ಸದ್ದಿಲ್ಲದೆ ತಪ್ಪಾಗುವುದನ್ನು ಹಿಡಿಯಲು ಲಿನಕ್ಸಿನಲ್ಲಿ ಎರಡರಲ್ಲೂ 'ಸ್ಯಾನಿಟೈಸರ್' ಎಂಬ ಕಾವಲಿದೆ. ಅದನ್ನು ಹಚ್ಚಿ ಓಡಿಸಿದರೆ ಯಾವ ಸಾಲಿನಲ್ಲಿ ಸಂಖ್ಯೆ ಮಿತಿ ಮೀರಿತು ಎಂದು ಹೇಳುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಒಬ್ಬರೇ ಕೂತು ಕಲಿಯುವವರಿಗೆ ಪಕ್ಕದಲ್ಲಿ ತಿಳಿದವರೊಬ್ಬರು ಕೂತಂತೆ ಇದು.

ಆರಿಸಿಕೊಂಡ ಮೇಲೆ ಒಂದು ಪ್ರಯೋಗ ಮಾಡಿ. ಎರಡು ಸಂಖ್ಯೆ ಕೂಡುವ ನಾಲ್ಕು ಸಾಲಿನ ಸಿ ಪ್ರೋಗ್ರಾಂ ಬರೆದು, 'ದೊಡ್ಡ ಎಸ್' ಸೂಚನೆಯೊಡನೆ ಕಂಪೈಲರಿಗೆ ಕೊಡಿ. ಅದು ಓಡಿಸಬಹುದಾದ ಫೈಲಿನ ಬದಲು, ಯಂತ್ರದ ಆದೇಶಗಳನ್ನು ಮನುಷ್ಯರು ಓದಬಹುದಾದ ಅಕ್ಷರಗಳಲ್ಲಿ ಬರೆದುಕೊಡುತ್ತದೆ. ಲ್ಯಾಪ್‌ಟಾಪಿನ ಇಂಟೆಲ್ ಪ್ರೊಸೆಸರಿಗೆ ಬಂದ ಸಾಲುಗಳನ್ನೂ ಫೋನಿನ ಆರ್ಮ್ ಪ್ರೊಸೆಸರಿಗೆ ಬಂದ ಸಾಲುಗಳನ್ನೂ ಅಕ್ಕಪಕ್ಕ ಇಟ್ಟು ಓದಿ. ಎರಡರಲ್ಲೂ 'ಕೂಡು' ಎಂಬ ಆದೇಶ ಎಲ್ಲಿದೆ ಎಂದು ಹುಡುಕಿ. ಕ್ಲ್ಯಾಂಗ್ ಇದ್ದರೆ ಅದರ ನಡುರೂಪವನ್ನೂ ಹೊರತೆಗೆದು ನೋಡಬಹುದು. ಪೆಟ್ಟಿಗೆಗೆ ಬೀಗ ಹಾಕಿ ಮಾರುವ ಕಂಪೈಲರಿನಲ್ಲಿ ಹೀಗೆ ಒಳಮನೆಯವರೆಗೂ ಹೋಗಿ ನೋಡಲು ಬರುವುದಿಲ್ಲ. ಮುಕ್ತ ಆಕರದ ಕಂಪೈಲರ್ ಆರಿಸಿಕೊಂಡ ವಿದ್ಯಾರ್ಥಿಗೆ ಪ್ರೋಗ್ರಾಂ ಬರೆಯುವ ಸಾಧನದ ಜೊತೆಗೆ ಆ ಸಾಧನವನ್ನು ಕಟ್ಟುವ ವಿದ್ಯೆಯೂ ಒಂದು ಪೈಸೆ ಕೊಡದೆ ಕೈಗೆಟಕುತ್ತದೆ. ನನ್ನ ಪ್ರಕಾರ ಆಯ್ಕೆಗೆ ಅದೇ ಎಲ್ಲಕ್ಕಿಂತ ದೊಡ್ಡ ಕಾರಣ.